ಮಾವನ ಬಲಗಡೆಯ ಜಾಗ

ನಮ್ಮವರು ಕಡಲಾಚೆ ಹೋಗಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಗೆದ್ದು ಬಂದರಲ್ಲ, ಆ ನಾಲ್ಕರಲ್ಲಿ ಒಂದನ್ನೂ ನಾನು ನೆಟ್ಟಗೆ ನೋಡಲಿಲ್ಲ. ಬೀದಿಗೆ ಬೀದಿಯೇ ಕುಣಿಯುತ್ತಿದ್ದಾಗ ನಾನು ಮೆಷಿನ್ ಮುಂದೆ ಕೂತು ಅಂಗಿ ಕಾಲರ್ ಹೊಲಿಯುತ್ತಿದ್ದೆ. ದಾರಕ್ಕಿಂತ ಹೊಟ್ಟೆಕಿಚ್ಚಿನಲ್ಲೇ ಹೊಲಿದೆ ಎಂದರೂ ತಪ್ಪಿಲ್ಲ. ಇಂಥದ್ದನ್ನೆಲ್ಲ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮಾತಾಡುವ ವಯಸ್ಸು ನನಗೆ ದಾಟಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಆ ಹೊಟ್ಟೆಕಿಚ್ಚು ನನ್ನ ಓರಗಿತ್ತಿಯ ಮೇಲೆ.

ಅವಳ ವಿಷಯಕ್ಕೆ ಮುಂಚೆ ಮಾವನ ವಿಷಯ. ಮಾವ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅದು ಹೊಟ್ಟೆಪಾಡಿಗೆ. ರಜೆ ಬಂತೆಂದರೆ ಬಿಳಿ ಕೋಟು ಹಾಕಿಕೊಂಡು ಮೈದಾನದಲ್ಲಿ ಅಂಪೈರ್ ಆಗಿ ನಿಲ್ಲುತ್ತಿದ್ದರು. ಅದು ಜೀವಕ್ಕೆ. "ಅಂಪೈರ್‌ಗೆ ಕಣ್ಣಿಲ್ಲ ಅಂತ ಮೂವತ್ತು ವರ್ಷ ಬೈಸ್ಕೊಂಡೆ, ಕೊನೆಗೆ ಅವರ ಮಾತೇ ನಿಜ ಆಯ್ತು ನೋಡು," ಎಂದು ಅವರೇ ನಗುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವರ ಕಣ್ಣು ಪೂರ್ತಿ ಹೋಯಿತು. ನರ ಒಣಗಿದೆ, ಇನ್ನು ಮಾಡುವಂಥದ್ದು ಏನಿಲ್ಲ ಎಂದುಬಿಟ್ಟರು ಡಾಕ್ಟರು. ಅತ್ತೆ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ನಮ್ಮ ಯಜಮಾನರು ಬಸ್ ಡ್ರೈವರ್, ಮೈದುನ ಆಗಿನ್ನೂ ಓದುತ್ತಿದ್ದ. ಹಗಲು ಹೊತ್ತು ಮನೆಯಲ್ಲಿರುತ್ತಿದ್ದವರು ಇಬ್ಬರೇ, ರೇಡಿಯೋ ಮುಂದೆ ಅವರು, ಹೊಲಿಗೆ ಮೆಷಿನ್ ಮುಂದೆ ನಾನು.

ಒಂದು ದಿನ ಕಾಮೆಂಟರಿ ಬರುತ್ತಿದ್ದಾಗ ಮಾವ ಗಾಳಿಯಲ್ಲಿ ಬೆರಳಾಡಿಸುತ್ತ, ಯಾರು ಎಲ್ಲಿ ನಿಂತಿದ್ದಾರೆ ಎಂದು ನೆನಪಿಟ್ಟುಕೊಳ್ಳಲು ಒದ್ದಾಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ದೊಡ್ಡ ಟ್ರೇಗೆ ಹಳೇ ಕೋಟಿನ ಉಣ್ಣೆ ಬಟ್ಟೆ ಬಿಗಿದೆ. ಸುತ್ತಲೂ ಬೌಂಡರಿಯೆಂದು ದಪ್ಪ ದಾರ ಹೊಲಿದೆ. ನಡುವೆ ಪಿಚ್ ಎಂದು ಎರಡು ಬೆರಳಗಲದ ಪಟ್ಟಿ. ಗುಂಡಿ ಡಬ್ಬಿ ಬಗ್ಗಿಸಿ, ಕೀಪರ್‌ಗೆ ದೊಡ್ಡ ಕೋಟು ಗುಂಡಿ, ಬೌಲರ್‌ಗೆ ಪ್ಯಾಂಟಿನದು, ಉಳಿದವರಿಗೆಲ್ಲ ಅಂಗಿ ಗುಂಡಿ ಆರಿಸಿದೆ. "ಯಾರ್ಯಾರು ಎಲ್ಲೆಲ್ಲಿ ನಿಲ್ತಾರೆ ಹೇಳಿಕೊಡಿ ಮಾವ," ಎಂದೆ. ಅವರು ನನ್ನ ಕೈ ಹಿಡಿದು ಒಂದೊಂದೇ ಗುಂಡಿ ಇಡಿಸಿದರು. ಟ್ರೇಯ ಮೇಲ್ತುದಿಯಲ್ಲಿ ಕೀಪರ್, ನಮ್ಮ ಕಡೆಗೆ ಬೌಲರ್, ಎಡ ಬಲ ಎಲ್ಲ ನಾವು ಕೂತ ಕಡೆಯ ಲೆಕ್ಕ. ಕೀಪರ್‌ನ ಎಡಕ್ಕೆ ಸ್ಲಿಪ್, ಅದರಾಚೆ ಗಲ್ಲಿ, ಅಲ್ಲಿಂದ ಕೆಳಕ್ಕೆ ಪಾಯಿಂಟ್, ಹೀಗೆ. ಆಮೇಲೆ ರೇಡಿಯೋದವರು ಹೆಸರು ಹೇಳಿದರೆ ಸಾಕು, ನನ್ನ ಕೈ ತಾನೇ ಓಡುತ್ತಿತ್ತು. ಮಾವ ಹಗುರವಾಗಿ ಬೆರಳಾಡಿಸಿ ಇಡೀ ಮೈದಾನವನ್ನು ನೋಡಿಬಿಡುತ್ತಿದ್ದರು.

ಹನ್ನೆರಡು ವರ್ಷ ಹೀಗೆ ಕೂತೆವು. ರೇಡಿಯೋ ಹೋಗಿ ಟೀವಿ ಬಂತು, ಟ್ರೇ ಮಾತ್ರ ಅದೇ. ಮಾವನ ಕುರ್ಚಿ, ಅವರ ಬಲಗಡೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಟೆಸ್ಟ್ ಇರುವ ದಿನ ಕೈಹೊಲಿಗೆಯನ್ನು ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದೆ, ಮೆಷಿನ್ ಕೆಲಸ ಆಟ ಮುಗಿದ ಮೇಲೆ. ಆ ಹನ್ನೆರಡು ವರ್ಷದಲ್ಲಿ ನಮ್ಮವರು ಆ ದೇಶಕ್ಕೆ ಮೂರು ಸಲ ಹೋದರು, ಮೂರು ಸಲವೂ ಮಣ್ಣು ಮುಕ್ಕಿ ಬಂದರು. ಅದಕ್ಕೂ ಹಿಂದಿನದು ಮಾವನಿಗೆ ಗೊತ್ತು. ನಲವತ್ತು ವರ್ಷದಿಂದ ಅಲ್ಲಿ ಸರಣಿ ಗೆದ್ದ ಸುದ್ದಿಯನ್ನೇ ಅವರು ಕೇಳಿರಲಿಲ್ಲ. "ಒಂದ್ಸಲ ಅಲ್ಲಿ ಗೆದ್ದಿದ್ದು ಕೇಳಿ ಕಣ್ಮುಚ್ಚಿದ್ರೆ ಸಾಕಮ್ಮ," ಎನ್ನುತ್ತಿದ್ದರು, ಆಮೇಲೆ "ಕಣ್ಣು ಹೇಗೂ ಮುಚ್ಚೇ ಇದೆ" ಎಂದು ಅವರೇ ಸೇರಿಸುತ್ತಿದ್ದರು. ಅಷ್ಟು ಸೋಲಿಗೂ ಪಕ್ಕದಲ್ಲಿ ಕೂತವಳು ನಾನು. ಗೆಲುವು ಬಂದ ದಿನವೂ ಆ ಸ್ಟೂಲಿನ ಮೇಲೆ ನಾನೇ ಇರಬೇಕು ಎಂದು ನನಗೊಂದು ಆಸೆ. ಕಿರೀಟವನ್ನೇನೂ ಕೇಳಲಿಲ್ಲ, ಒಂದು ಸ್ಟೂಲು ಕೇಳಿದೆ.

ಈ ಸರಣಿಗೆ ಮೂರು ತಿಂಗಳ ಮುಂಚೆ ಮೈದುನನಿಗೆ ಮದುವೆಯಾಗಿ ಸಣ್ಣವಳು ಬಂದಳು. ಮಾವ ನನ್ನನ್ನು ದೊಡ್ಡವಳು ಎನ್ನುತ್ತಾರೆ, ಅವಳನ್ನು ಸಣ್ಣವಳು. ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ, ಮಧ್ಯಾಹ್ನದ ಪಾಳಿ. ಬಂದ ವಾರದಲ್ಲೇ ಪಾತ್ರೆ, ನೆಲ, ಕಿಟಕಿ ಎಲ್ಲ ಫಳಫಳ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದುಕೊಂಡು ನಾನು ಸುಮ್ಮನಿದ್ದೆ. ಮೂರು ತಿಂಗಳಾದರೂ ಅವಳು ಎತ್ತೆತ್ತಿಯೇ ಒಗೆಯುತ್ತಿದ್ದಳು. ಅದೂ ಹೋಗಲಿ. ಕಾಲೇಜಿನಲ್ಲಿ ವೇಗದ ಬೌಲರ್ ಆಗಿದ್ದಳಂತೆ, ಭುಜ ನೋವಾಗಿ ಬಿಟ್ಟಳಂತೆ. ಈ ಸಂಗತಿ ನನಗೆ ಗೊತ್ತಾದದ್ದು ಮೊದಲನೇ ಟೆಸ್ಟಿನ ಬೆಳಗ್ಗೆ.

ಅಲ್ಲಿಯ ಆಟ ನಮಗೆ ಬೆಳಗ್ಗೆ ಐದೂವರೆಗೆ ಶುರು, ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆ ದಿನ ನನಗೆ ಹೊಲಿಗೆ ಕೊಡುವ ಅಂಗಡಿಯವರು ಎಂಟು ಗಂಟೆಗೆ ನಲವತ್ತು ಕಾಲರ್ ಬೇಕೇ ಬೇಕು ಎಂದು ಕೂತಿದ್ದರು. "ಸ್ವಲ್ಪ ಹೊತ್ತು ಮಾವನ ಹತ್ರ ಕೂತಿರಮ್ಮ, ಇಷ್ಟು ಮುಗಿಸಿ ಬಂದುಬಿಡ್ತೀನಿ," ಎಂದು ನಾನೇ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಹೌದು, ನಾನೇ. ಹೋಗುತ್ತಿದ್ದ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಂಡ ಹಾಗೆ.

ನನ್ನ ಮೆಷಿನ್ ಇರುವುದು ಹಾಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಅಲ್ಲಿಂದ ಟೀವಿ ಕಾಣಿಸದು, ಅವರಿಬ್ಬರ ಬೆನ್ನು, ನಡುವೆ ಟ್ರೇ ಕಾಣಿಸುತ್ತದೆ. ಹತ್ತು ಕಾಲರ್ ಆಗಿರಬೇಕು, ಅವಳ ದನಿ ಕೇಳಿಸಿತು. "ಮಾವ, ಚೆಂಡಿನ ಒಂದು ಮಗ್ಗುಲು ಹೊಳಪು ಹೋಗಿದೆ, ಇನ್ನೊಂದು ಮಗ್ಗುಲು ಇನ್ನೂ ಮಿಂಚ್ತಿದೆ. ಮಿಂಚೋ ಕಡೆ ಹೊರಗೆ ಹಿಡಿದಿದ್ದಾನೆ, ಒಳಗೆ ತಿರುಗಿಸ್ತಾನೆ ನೋಡಿ." ಚೆಂಡು ಒಳಗೆ ಬಂತು, ಗೂಟ ಹಾರಿತು. ಮಾವ ಮಗುವಿನ ಹಾಗೆ ಕೈ ತಟ್ಟಿದರು. ಹನ್ನೆರಡು ವರ್ಷದಲ್ಲಿ ನಾನು ಅವರಿಗೆ ಹೇಳುತ್ತಿದ್ದದ್ದು ಮೂರೇ ಮಾತು, "ಹೊಡೆದ ಮಾವ", "ಬಿಟ್ಟ ಮಾವ", "ಹೋಯ್ತು ಮಾವ". ಚೆಂಡಿಗೆ ಮಗ್ಗುಲುಗಳಿವೆ ಎಂದು ನನಗೆ ಗೊತ್ತಿರಲೇ ಇಲ್ಲ.

ನಲವತ್ತೂ ಮುಗಿಸಿ ಎದ್ದು ಬಂದೆ. ಅಷ್ಟರಲ್ಲಿ ಎದುರಾಳಿಗಳು ಐದು ವಿಕೆಟ್ ಕಳೆದುಕೊಂಡಿದ್ದರು. ನಮ್ಮ ಯಜಮಾನರು ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಎಲ್ಲಿಗೆ ಎದ್ದೆ? ಹೋಗು, ಮೆಷಿನ್ ಮೇಲೇ ಕೂತಿರು."

"ಯಾಕೆ? ಕೆಲಸ ಮುಗೀತು."

"ನೀನು ಅಲ್ಲಿದ್ದಾಗ ಐದು ಬಿದ್ದಿದೆ. ಯಾರೂ ಜಾಗ ಬದಲಾಯಿಸೋ ಹಾಗಿಲ್ಲ."

ಇದು ನಮ್ಮ ಮನೆಯ ಹಳೇ ಹುಚ್ಚು. ಆಟ ನಮ್ಮ ಕಡೆ ತಿರುಗಿದಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು. ಹಿಂದೊಮ್ಮೆ ಇವರು ಇಡೀ ಮಧ್ಯಾಹ್ನ ಬಚ್ಚಲುಮನೆ ಬಾಗಿಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದರು. ಆಗ ನಾನು ಎಲ್ಲರಿಗಿಂತ ಜೋರಾಗಿ "ಕದಲಬೇಡಿ" ಎಂದಿದ್ದೆ. ಈಗ ಯಾವ ಬಾಯಲ್ಲಿ ಇಲ್ಲ ಎನ್ನಲಿ? ಮಾವನ ಕಡೆ ನೋಡಿದೆ. ಅವರು ಟ್ರೇ ಮೇಲೆ ಬೆರಳಾಡಿಸುತ್ತ, "ಇವತ್ತೊಂದು ದಿನ ತಾನೇ ದೊಡ್ಡವಳೇ," ಎಂದರು. ಮೆಷಿನ್ ಕಡೆ ತಿರುಗಿದೆ.

ಒಂದು ದಿನ ಎಲ್ಲಿಂದ ಬಂತು. ನಮ್ಮವರು ಆ ಟೆಸ್ಟನ್ನು ಇನಿಂಗ್ಸ್ ಅಂತರದಲ್ಲಿ, ನಾಲ್ಕನೇ ದಿನ ಊಟದ ಹೊತ್ತಿಗೆಲ್ಲ ಗೆದ್ದರು. ಅಲ್ಲಿಗೆ ಗ್ರಹಚಾರ ಗಟ್ಟಿಯಾಯಿತು. ಸಣ್ಣವಳು ಸ್ಟೂಲಿಗೆ, ನಾನು ಮೆಷಿನ್‌ಗೆ. ಬೀದಿಯವರೂ ಸೇರಿಕೊಂಡರು. ಹಾಲಿನವನು ಬೆಳಗ್ಗೆ ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಮೆಷಿನ್ ನಿಲ್ಲಿಸಬೇಡಿ, ನಿಮ್ಮ ಹೊಲಿಗೇಲೇ ವಿಕೆಟ್ ಬೀಳ್ತಿರೋದು," ಎಂದು ಹಲ್ಲು ಕಿರಿಯುತ್ತಿದ್ದ. ನಮ್ಮವರು ಹೆಚ್ಚು ಗೆದ್ದಷ್ಟೂ ನನಗೆ ಸೆರೆವಾಸ ಹೆಚ್ಚು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ತುತ್ತು ಇನ್ನೊಬ್ಬಳ ಬಾಯಿಗೆ ಹೋಗುವುದನ್ನು ನಾನು ದಿನಾ ಬೆಳಗ್ಗೆ ಕೂತು ನೋಡಬೇಕಿತ್ತು.

ಎರಡನೇ ಟೆಸ್ಟಿಗೆ ಅವಳು ತವರಿನಿಂದ ತನ್ನ ಹಳೇ ಚೆಂಡು ತಂದಳು. ಮಾವನ ಬೆರಳುಗಳನ್ನು ಹೊಲಿಗೆಯ ಮೇಲೆ ಕೂರಿಸಿ, "ಈಗ ಇವನು ಹಿಡಿದಿರೋದು ಹೀಗೆ," "ಈಗ ಸ್ವಲ್ಪ ಓರೆ," ಎಂದು ತೋರಿಸುತ್ತಿದ್ದಳು. ಮಾವ ಆ ಚೆಂಡನ್ನು ತೊಡೆ ಮೇಲಿಂದ ಕೆಳಗಿಡಲಿಲ್ಲ. ನಾನು ಅವರಿಗೆ ಕೊಟ್ಟದ್ದು ಗುಂಡಿ, ಅವಳು ಕೊಟ್ಟದ್ದು ಚೆಂಡು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಮೆಷಿನ್‌ಗೆ ಮೋಟಾರು ಇದೆ, ನಿಧಾನಕ್ಕೂ ಓಡುತ್ತದೆ, ಜೋರಾಗಿಯೂ ಓಡುತ್ತದೆ. ಅವಳು ಬಾಯಿ ತೆರೆದಾಗೆಲ್ಲ ನಾನು ಪೆಡಲನ್ನು ಪೂರ್ತಿ ಒತ್ತುತ್ತಿದ್ದೆ. ಅವರ ನಗು, ಮಾತು ಯಾವುದೂ ನನ್ನ ಕಿವಿಗೆ ಬೀಳಬಾರದು, ಅಷ್ಟೇ.

ಆ ಟೆಸ್ಟಿನಲ್ಲೇ ನನಗೊಂದು ಗೆಲುವು ಸಿಕ್ಕಿತು, ಇಡೀ ಸರಣಿಯಲ್ಲಿ ನನ್ನದು ಎನ್ನುವಂಥದ್ದು ಅದೊಂದೇ. ದಾರ ತುಂಡಾಗಿ ಮೆಷಿನ್ ನಿಂತಿತ್ತು. ತಲೆಯೆತ್ತಿ ನೋಡುತ್ತೇನೆ, ಸಣ್ಣವಳು ಸ್ಲಿಪ್ ಗುಂಡಿಯನ್ನು ತೆಗೆದು ಕೀಪರ್‌ನ ಬಲಗಡೆಗೆ ಇಡುತ್ತಿದ್ದಾಳೆ. ಸ್ಲಿಪ್ ಮಾತ್ರವಲ್ಲ, ಗಲ್ಲಿ, ಪಾಯಿಂಟ್ ಎಲ್ಲವನ್ನೂ ಆ ಕಡೆಯಿಂದ ಈ ಕಡೆಗೆ. ನನಗೆ ಅಷ್ಟು ಸಾಕಾಗಿತ್ತು.

"ಏನಮ್ಮ ಅದು? ಸ್ಲಿಪ್ ಎಂದಾದ್ರೂ ಆ ಕಡೆ ನಿಲ್ತಾನಾ? ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ?"

ಕೂತಲ್ಲಿಂದಲೇ ಕೂಗಿದೆ, ಎದ್ದರೆ ಇವರು ಬೈಯುತ್ತಾರಲ್ಲ. ಸಣ್ಣವಳು ತಿರುಗಿ ನೋಡಿದಳು. "ಅಲ್ಲ ಅಕ್ಕ, ಈಗ ಆಡ್ತಿರೋದು..." ಎಂದು ಶುರು ಮಾಡಿದಳು. ಮಾವ ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ದೊಡ್ಡವಳು ಇಡೋ ಹಾಗೇ ಇಡಮ್ಮ. ನಮ್ಮನೆ ಮೈದಾನ ಹಾಗೇ."

ಅವಳು ಮಾವನ ಮುಖ ನೋಡಿ, "ಆಯ್ತು ಮಾವ," ಎಂದು ಗುಂಡಿಗಳನ್ನೆಲ್ಲ ಮತ್ತೆ ಎಡಕ್ಕೆ ತಂದಳು. ಇವರು ಟೀವಿಯಿಂದ ಕಣ್ಣು ಕೀಳದೆ, "ಹನ್ನೆರಡು ವರ್ಷದ ಅನುಭವ ಅವಳದು, ಸುಮ್ನೆ ಅಲ್ಲ," ಎಂದರು. ಆ ದಿನ ಮಧ್ಯಾಹ್ನ ನಾನು ಎರಡು ಹಿಡಿ ಅನ್ನ ಹೆಚ್ಚೇ ಉಂಡೆ.

ಮೂರನೇ ಟೆಸ್ಟ್ ಬಂತು. ಇದನ್ನು ಗೆದ್ದರೆ ಸರಣಿ ನಮ್ಮದು. ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ, ಇವರಿಗಂತೂ ಸತ್ತರೂ ಹೇಳುವುದಿಲ್ಲ. ನಮ್ಮವರು ಔಟಾಗಲಿ ಎಂದು ನಾನು ಬಯಸಿದೆ. ಒಂದು ಸಲವಲ್ಲ, ಎರಡು ದಿನ ಪೂರ್ತಿ. ಸೋತರೆ ಇವರ ಹುಚ್ಚು ಇಳಿಯುತ್ತದೆ, ಎಲ್ಲರೂ ಜಾಗ ಬದಲಿಸುತ್ತಾರೆ, ನನ್ನ ಸ್ಟೂಲು ನನಗೆ ಸಿಗುತ್ತದೆ. ಸೋಲಿನಲ್ಲಾದರೂ ಮಾವ ನನ್ನ ಪಕ್ಕಕ್ಕೆ ಬರುತ್ತಾರೆ. ನಾನು ಬಯಸುತ್ತ ಕೂತೆ, ನಮ್ಮವರು ಆರುನೂರು ರನ್ ಹೊಡೆದರು. ನಮ್ಮ ಒಬ್ಬ ಆಟಗಾರ ಒಂದೂವರೆ ದಿನ ಬ್ಯಾಟು ಬಿಡಲಿಲ್ಲ, ಅವನ ಹೆತ್ತತಾಯಿಗೂ ಅಷ್ಟು ಹೊತ್ತು ಅವನನ್ನು ನೋಡಿ ಗೊತ್ತಿರಲಿಕ್ಕಿಲ್ಲ. ಆ ಸಿಟ್ಟಿನಲ್ಲಿ ಒಂದು ಡಜನ್ ಕಾಲರನ್ನು ಒಳಗು ಹೊರಗು ಮಾಡಿ ಹೊಲಿದು, ಸಂಜೆಯವರೆಗೆ ಬಿಚ್ಚುತ್ತ ಕೂತೆ.

ಸರಣಿ ಗೆದ್ದ ಕ್ಷಣ ಹಾಲಿನಲ್ಲಿ ಎಲ್ಲರೂ ಎದ್ದು ನಿಂತರು. ಬೀದಿಯಲ್ಲಿ ಯಾರೋ ತಟ್ಟೆ ಬಡಿದರು, ಇವರು ಬಸ್ಸಿನ ಹಾರನ್ ಬಾಯಲ್ಲೇ ಬಾರಿಸಿದರು. ನಲವತ್ತು ವರ್ಷ ಕಾದ ಮಾವ ಸಣ್ಣವಳ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ಬಾಗಿಲವರೆಗೆ ಬಂದು ನಿಂತೆ. ಅಲ್ಲಿ ನನಗೆ ಹಿಡಿಯಲು ಯಾವ ಕೈಯೂ ಉಳಿದಿರಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಕಾಫಿ ಚೆನ್ನಾಗಿತ್ತಂತೆ.

ಸರಣಿ ಹೇಗೂ ಗೆದ್ದಾಯಿತಲ್ಲ, ನಾಲ್ಕನೇ ಟೆಸ್ಟಿಗಾದರೂ ನನ್ನನ್ನು ಬಿಡಿ ಎಂದೆ. ಇವರು ಕಡ್ಡಿ ಮುರಿದ ಹಾಗೆ ಹೇಳಿದರು, "ಮೂರು ಸೊನ್ನೆ ಎಲ್ಲಿ, ನಾಲ್ಕು ಸೊನ್ನೆ ಎಲ್ಲಿ? ಇನ್ನು ಐದೇ ದಿನ, ಕೂತ್ಕೋ." ಕೂತೆ. ಐದು ದಿನವೂ ಬೇಕಾಗಲಿಲ್ಲ. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಎದುರಾಳಿಗಳ ಒಂಬತ್ತು ವಿಕೆಟ್ ಹೋಗಿತ್ತು, ಬೆಟ್ಟದಷ್ಟು ರನ್ ಬಾಕಿ ಇತ್ತು. ಉಳಿದದ್ದು ಒಬ್ಬ ಎಡಗೈ ಆಟಗಾರ ಮತ್ತು ಅವನ ಜೊತೆಗೊಬ್ಬ ಬಾಲಂಗೋಚಿ.

ಹಾಲಿನ ತುಂಬ ಜನ ಸೇರಿದ್ದರು. ಕೊನೆಯ ವಿಕೆಟ್ ನೋಡಲು ಎದುರು ಮನೆಯ ಡ್ರಿಲ್ ಮೇಷ್ಟ್ರೂ ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿ ನಿವೃತ್ತರಾದವರು, ಈಗ ಓಡಿಸಲು ಯಾರೂ ಇಲ್ಲದೆ ಮಾತಿನಲ್ಲೇ ಎಲ್ಲರನ್ನೂ ಓಡಿಸುತ್ತಾರೆ. ಮಾವನ ಹಿಂದೆ ನಿಂತು ಟ್ರೇ ಮೇಲೆ ಬಗ್ಗಿದವರೇ ಗಹಗಹಿಸಿ ನಕ್ಕರು. ನಾನು ಪೆಡಲಿನಿಂದ ಕಾಲು ತೆಗೆದೆ.

"ಇದೇನ್ರೀ ಅಂಪೈರ್ ಸಾಹೇಬ್ರೇ? ಆಡ್ತಿರೋನು ಎಡಗೈಯವನು. ಸ್ಲಿಪ್ಪನ್ನ ಅವನ ಬೆನ್ನ ಹಿಂದೆ ನಿಲ್ಲಿಸಿದ್ದೀರಲ್ಲ. ಎಡಗೈಯವನು ಬಂದ ತಕ್ಷಣ ಇಡೀ ಫೀಲ್ಡಿಂಗ್ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೋಗುತ್ತೆ ಅಂತ ಹಾದಿಬೀದಿ ಹುಡುಗರಿಗೂ ಗೊತ್ತು. ಯಾರು ಇಟ್ಟಿದ್ದು ಇದನ್ನ?"

ನನ್ನ ಕೈಯಲ್ಲಿದ್ದ ಕಾಲರ್ ಹಾಗೇ ನಿಂತಿತು. ಹದಿನೈದು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ, ಎಡದ ತೋಳನ್ನು ಬಲಕ್ಕೆ ಜೋಡಿಸಿದವಳಲ್ಲ. ಟ್ರೇ ಮೇಲೆ ಹನ್ನೆರಡು ವರ್ಷ ಅದನ್ನೇ ಮಾಡಿದ್ದೆ. ರೇಡಿಯೋ ಕಾಲದಲ್ಲಿ ಮಾವ ಒಮ್ಮೆ ಇಡಿಸಿದ ಜಾಗಗಳೇ ನನಗೆ ಗೊತ್ತಿದ್ದದ್ದು. ಬಲಗೈಯವನು ಬಂದರೂ ಸ್ಲಿಪ್ ಎಡಕ್ಕೆ, ಎಡಗೈಯವನು ಬಂದರೂ ಎಡಕ್ಕೆ. ಟೀವಿ ಬಂದ ಮೇಲೂ ಕಣ್ಣು ಚೆಂಡಿನ ಮೇಲಿತ್ತು, ಕೈ ಹಳೇ ದಾರಿಯಲ್ಲೇ ಓಡುತ್ತಿತ್ತು.

"ನಾನೇ ಇಟ್ಟಿದ್ದು ಮೇಷ್ಟ್ರೇ," ಎಂದಳು ಸಣ್ಣವಳು. "ಗಡಿಬಿಡೀಲಿ ತಪ್ಪಾಯ್ತು."

"ನೀನಾ? ಬೌಲರ್ ಆಗಿದ್ದೆ ಅಂತ ನಿನ್ನ ಗಂಡ ಬೀದಿಗೆಲ್ಲ ಸಾರಿದ್ದಾನಲ್ಲಮ್ಮ. ಯಾವ ಕೈಯವನು ಅಂತಾನೂ ನೋಡದೇ ಬೌಲಿಂಗ್ ಮಾಡ್ತಿದ್ಯಾ?"

ಹಾಲಿನಲ್ಲಿದ್ದವರೆಲ್ಲ ನಕ್ಕರು, ಅವಳ ಗಂಡನೂ ನಕ್ಕ. ಅವಳ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೂ ಕಾಣಿಸಿತು. ನಾಲ್ಕು ಟೆಸ್ಟಿನಿಂದ ನಾನು ಕಾದದ್ದು ಇದಕ್ಕೇ, ಅವಳು ಹತ್ತು ಜನರ ಮುಂದೆ ಪೆಚ್ಚಾಗಬೇಕು. ಈಗ ಪೆಚ್ಚಾದಳು, ನನ್ನ ತಪ್ಪಿಗೆ. ಇನ್ನು ಸುಮ್ಮನೆ ಕೂತಿದ್ದರೆ ಸಾಕು, ಆ ಕೆಲಸ ಮುಗಿದೇ ಹೋಗುತ್ತಿತ್ತು. ಕೂತೂ ಇದ್ದೆ, ಸುಳ್ಳು ಹೇಳುವುದಿಲ್ಲ. ಮೂರು ನಾಲ್ಕು ಚೆಂಡು ಹಾಗೇ ಹೋಯಿತು. ಆದರೆ ಅವಳು ಹಾಗೆ ತಲೆ ತಗ್ಗಿಸಿ ಎಲ್ಲರ ಕಣ್ಣಲ್ಲಿ ನನಗಿಂತ ಸಣ್ಣವಳಾಗಿ, ನನ್ನ ಕಣ್ಣಲ್ಲಿ ನನಗಿಂತ ದೊಡ್ಡವಳಾಗುತ್ತಿದ್ದಾಳೆ ಎನಿಸಿತು. ಇದನ್ನೂ ಅವಳಿಗೇ ಬಿಟ್ಟುಕೊಡಬೇಕಾ ಎಂದು ಉರಿದುಹೋಯಿತು. ಎದ್ದೆ.

"ಏ, ಏಳಬೇಡ," ಎಂದರು ಇವರು. "ಒಂದೇ ವಿಕೆಟ್ ಕಣೇ ಉಳಿದಿರೋದು, ಕೂತ್ಕೊ."

"ಸಾಕು ಕೂತಿದ್ದು." ಹಾಲಿನ ನಡುವೆ ಹೋಗಿ ನಿಂತೆ. "ಮೇಷ್ಟ್ರೇ, ತಪ್ಪು ಅವಳದಲ್ಲ. ಅವಳು ಸರಿಯಾಗೇ ಇಟ್ಟಿದ್ಲು, ನಾನು ಬೈದು ತಪ್ಪಾಗಿ ಇಡಿಸಿದೆ. ಹನ್ನೆರಡು ವರ್ಷದಿಂದ ಹಾಗೇ ಇಡ್ತಿದ್ದೀನಿ. ಮಾವ, ನಿಮಗೆ ಹನ್ನೆರಡು ವರ್ಷ ಸುಳ್ಳು ಮೈದಾನ ತೋರಿಸಿದ್ದೀನಿ."

"ಗೊತ್ತು," ಎಂದರು ಮಾವ.

"ಗೊತ್ತಿತ್ತಾ? ಯಾವಾಗಿಂದ?"

"ಮೊದಲನೇ ವಾರದಿಂದ. ಎಡಗೈಯವನು ಬಂದಾಗ ನಾನೇ ಮನಸ್ಸಲ್ಲಿ ತಿರುಗಿಸಿಕೊಳ್ತಿದ್ದೆ. ಅಷ್ಟು ಕಷ್ಟಪಟ್ಟು ಬಟ್ಟೆ ಬಿಗಿದು, ಗುಂಡಿ ಆರಿಸಿ ತಂದವಳಿಗೆ ತಪ್ಪು ಅಂತ ಹೇಗೆ ಹೇಳ್ಲಿ? ಆಮೇಲೆ ಅದೇ ರೂಢಿ ಆಯ್ತು."

ನಾನು ಸಣ್ಣವಳ ಮುಖ ನೋಡಿದೆ. ಅವಳು ಟ್ರೇ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು. ಆ ದಿನ ಮಾವ ಅವಳ ಮಣಿಕಟ್ಟು ಒತ್ತಿದಾಗಲೇ ತಿಳಿದುಕೊಂಡಿದ್ದಳು. ಅವಳು ಹತ್ತು ನಿಮಿಷದಲ್ಲಿ ಅರಿತದ್ದನ್ನು ನನಗೆ ಹನ್ನೆರಡು ವರ್ಷ ಯಾರೂ ಹೇಳಿರಲಿಲ್ಲ. ನಾನು ಅವರಿಬ್ಬರ ನಡುವೆ ಜಾಗಕ್ಕೆ ಹೊಡೆದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರಿಬ್ಬರ ನಡುವೆ ನಾನೇ ಒಂದು ಗುಟ್ಟಾಗಿ ಕೂತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಏಳಮ್ಮ," ಎಂದೆ ಅವಳಿಗೆ. "ಅದು ನನ್ನ ಜಾಗ."

ಅವಳು ಎದ್ದು ಗೋಡೆಗೆ ಒರಗಿ ನಿಂತಳು. ನಾನು ಕೂತೆ. "ತಿರುಗಿಸಿ ಇಡ್ಲಾ ಮಾವ?" ಎಂದು ಕೇಳಿದೆ. "ಈಗ ಬೇಡ, ನನ್ನ ಬೆರಳು ಕಂಗಾಲಾಗುತ್ತೆ," ಎಂದರು. ಮೇಷ್ಟ್ರು ಹಣೆ ಚಚ್ಚಿಕೊಂಡರು.

ನಾನು ಕೂತದ್ದೇ ತಡ, ವಿಕೆಟ್ ಬೀಳುವುದು ನಿಂತಿತು. ಎಡಗೈಯವನು ಎರಡು ಬೌಂಡರಿ ಬಾರಿಸಿದ. ಬಾಲಂಗೋಚಿಯೂ ಒಂದು ಬಾರಿಸಿದ. ಹತ್ತು ರನ್, ಇಪ್ಪತ್ತು, ಮೂವತ್ತೇಳು. ಹಾಲಿನಲ್ಲಿದ್ದವರೆಲ್ಲ ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದರು. ಇವರು ಗೋಡೆಗೆ ಮುಖ ತಿರುಗಿಸಿ ನಿಂತರು. ನಾನು ಕದಲಲಿಲ್ಲ. "ಹೊಡೆದ ಮಾವ" ಎಂದೆ, "ಬಿಟ್ಟ ಮಾವ" ಎಂದೆ. ಚೆಂಡಿನ ಮಗ್ಗುಲು ನನಗೆ ಆಗಲೂ ಕಾಣಿಸಲಿಲ್ಲ. ಆಮೇಲೊಂದು ಚೆಂಡು ಎಡಗೈಯವನ ಬ್ಯಾಟಿನ ಅಂಚು ಸವರಿದ ಸದ್ದಾಯಿತು. ನಾನು ಬಾಯಿ ತೆರೆಯುವ ಮುಂಚೆಯೇ ಮಾವನ ಬೆರಳು ಸ್ಲಿಪ್ ಗುಂಡಿಯ ಮೇಲಿತ್ತು, ನಾನು ಇಡಿಸಿದ ತಪ್ಪು ಕಡೆಯ ಗುಂಡಿಯ ಮೇಲೆ.

"ಹೋಯ್ತು ಮಾವ," ಎಂದೆ.

"ನಾಲ್ಕೂ ಗೆದ್ವೇನಮ್ಮ?"

"ನಾಲ್ಕೂ ಗೆದ್ವಿ."

ಮತ್ತೆ ತಟ್ಟೆಯ ಸದ್ದು, ಮತ್ತೆ ಬಾಯಿ ಹಾರನ್ನು. ಮೇಷ್ಟ್ರು ಇವರನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ನನ್ನ ಅಪಶಕುನವನ್ನು ಎಲ್ಲರೂ ಅಲ್ಲೇ ಮರೆತರು. ಮಾವ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು, ಹನ್ನೆರಡು ವರ್ಷದಿಂದ ನಾನು ಕಾದ ಹಾಗೆಯೇ. ಹಿಡಿದುಕೊಂಡು ಆ ಕಡೆ ಈ ಕಡೆ ಮುಖ ಆಡಿಸಿ ಕೇಳಿದರು, "ಸಣ್ಣವಳೆಲ್ಲಿ?"

ಕೈ ನನ್ನದು, ಹೆಸರು ಅವಳದು. ಅಷ್ಟು ಜನರ ಸಂತೋಷದ ನಡುವೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಅದು ಮುಖದ ಮೇಲೂ ಬಂದಿರಬೇಕು. ಸಣ್ಣವಳು ಗೋಡೆ ಬಿಟ್ಟು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಇಲ್ಲೇ ಇದ್ದೀನಿ ಮಾವ," ಎಂದಳು. ಆಮೇಲೆ ದನಿ ತಗ್ಗಿಸಿ ನನಗೆ ಮಾತ್ರ ಕೇಳಿಸುವ ಹಾಗೆ, "ನಾನು ಅಲ್ಲಿ ಕೂತಿದ್ದಾಗ ಓವರಿಗೊಂದ್ಸಲ 'ದೊಡ್ಡವಳೆಲ್ಲಿ, ದೊಡ್ಡವಳು ಬಂದ್ಲಾ' ಅಂತ ಕೇಳ್ತಾನೇ ಇದ್ರು ಅಕ್ಕ. ನಿಮ್ಮ ಮೆಷಿನ್ ಸದ್ದಿಗೆ ನಿಮಗೆ ಕೇಳಿಸ್ತಿರಲಿಲ್ಲ," ಎಂದಳು.

ಮಾವ ನಿಜವಾಗಿ ಹಾಗೆ ಕೇಳುತ್ತಿದ್ದರೋ, ನನ್ನ ಮುಖ ನೋಡಿ ಅವಳೇ ಆ ಗಳಿಗೆಯಲ್ಲಿ ಹೊಸೆದು ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾವನನ್ನೇ ಕೇಳಿಬಿಡಬಹುದು, ದಿನಾ ಎದುರಿಗೇ ಇರುತ್ತಾರೆ. ಕೇಳಿಲ್ಲ. ಅವರು ಹೌದು ಎಂದರೆ, ಆ ನಾಲ್ಕು ಟೆಸ್ಟ್ ಅಷ್ಟೂ ನನ್ನನ್ನು ಕರೆಯುತ್ತಿದ್ದವರ ದನಿಯನ್ನು ನಾನೇ ಪೆಡಲು ಒತ್ತಿ ಮುಚ್ಚಿದೆ ಎಂದಾಗುತ್ತದೆ. ಇಲ್ಲ ಎಂದರೆ, ಅವಳು ನನಗಿಂತ ಒಳ್ಳೆಯವಳು ಎಂದಾಗುತ್ತದೆ. ಎರಡರಲ್ಲಿ ಯಾವುದೂ ನನಗೆ ಬೇಡ.